ಥ್ಯಾಡಿಯಸ್ ಸ್ಟೀವನ್ಸನೂ ಪೆನ್ಸಿಲ್ವೇನಿಯದ ಶಾಲಾ ಶಾಸನವೂ

ಗುಲಾಮಗಿರಿಯ ಕಡುವೈರಿಯೆಂದು ಅಮೆರಿಕದ ಚರಿತ್ರೆಯಲ್ಲಿ ಹೆಸರಾದ ಥ್ಯಾಡಿಯಸ್ ಸ್ಟೀವನ್ಸನು ಅದಕ್ಕೂ ಮೊದಲು ಪೆನ್ಸಿಲ್ವೇನಿಯ ರಾಜ್ಯದ ಶಾಸಕನಾಗಿ ಸಾಧಿಸಿದ ಒಂದು ಕಾರ್ಯವು ವಿದ್ಯಾಭಿಮಾನಿಗಳೆಲ್ಲರೂ ಅರಿಯತಕ್ಕದ್ದಾಗಿದೆ.

ಆತನು 1792ರಲ್ಲಿ ವರ್ಮಾಂಟ್ ರಾಜ್ಯದ ಡ್ಯಾನ್‌ವಿಲ್‌ನಲ್ಲಿ ಜನಿಸಿದನು. ಹುಟ್ಟಿನಿಂದಲೇ ಒಂದು ಪಾದ ವಕ್ರವಾಗಿತ್ತು. ತಂದೆ ಸಂಸಾರವನ್ನು ತೊರೆದು ಹೋಗಲು, ತಾಯಿ ಸಾರಾ ದುಡಿದು ನಾಲ್ವರು ಗಂಡುಮಕ್ಕಳನ್ನು ಸಾಕಿದಳು. 1814ರಲ್ಲಿ ಡಾರ್ಟ್‌ಮತ್ ಕಾಲೇಜಿನ ಪದವಿ ಪಡೆದ ಸ್ಟೀವನ್ಸನು ಯಾರ್ಕ್ ಪಟ್ಟಣದಲ್ಲಿ ಉಪಾಧ್ಯಾಯನಾಗಿದ್ದುಕೊಂಡೇ ನ್ಯಾಯಶಾಸ್ತ್ರವನ್ನು ಅಭ್ಯಸಿಸಿ, ಗೆಟಿಸ್‌ಬರ್ಗಿನಲ್ಲಿ ವಕೀಲನಾದನು. 1833ರಲ್ಲಿ ರಾಜ್ಯದ ಶಾಸನಸಭೆಗೆ ಚುನಾಯಿತನಾದನು.

ಆ ರಾಜ್ಯದಲ್ಲಿ 1809ರ ಶಾಸನದಂತೆ ಬಡಮಕ್ಕಳಿಗೆ ಸಾರ್ವಜನಿಕ ವೆಚ್ಚದಿಂದ ವಿದ್ಯೆ ದೊರೆಯುತ್ತಿತ್ತು, ನಿಜ. ಆದರೆ ಅದಕ್ಕಾಗಿ ಹೆತ್ತವರು ತಾವು ನಿರ್ಗತಿಕರೆಂದು ಅಧಿಕಾರಿಗಳಲ್ಲಿ ಹೆಸರು ಬರೆಯಿಸಬೇಕಾಗಿತ್ತು. ಮಾನಕ್ಕಂಜಿದ ಎಷ್ಟೋ ಮಂದಿ ಮಕ್ಕಳನ್ನು ಮನೆಯಲ್ಲಿಯೇ ಉಳಿಸಿಕೊಂಡರು. ದಾನವೂ ಕೊಡುವ ರೀತಿಯಿಂದ ಅವಮಾನವಾಗಬಲ್ಲದಷ್ಟೆ! 1834ರ ಶಾಸನವು ಈ ಭೇದವನ್ನು ತೊಡೆದು, ತೆರಿಗೆಯ ಹಣದಿಂದ ಸರ್ವರಿಗೂ ಸಮಾನವಾದ ಶಾಲೆಗಳಿಗೆ ಅವಕಾಶವಿತ್ತಿತು. ತೆರಿಗೆಯೆಂದೊಡನೆ ಕೋಲಾಹಲವೆದ್ದಿತು. ಮಕ್ಕಳಿಲ್ಲದವನು ಪರರ ಮಕ್ಕಳಿಗಾಗಿ ಏಕೆ ಹಣ ತೆರಬೇಕೆಂದು ಕೆಲವರು ಕೇಳಿದರು. ತಮ್ಮ ಚರ್ಚಿನ ಶಾಲೆಗಳಿಗೂ ಭಾಷೆಗೂ ಕೇಡಾದೀತೆಂದು ಜರ್ಮನ್ ಭಾಷಿಕರು ಅಂಜಿದರು. ಶಾಸನದ ವಿರುದ್ಧ 30,000ಕ್ಕೂ ಮಿಕ್ಕ ಸಹಿಗಳುಳ್ಳ ಮನವಿಗಳು ಬಂದವು. 1835ರಲ್ಲಿ ಮೇಲ್ಮನೆಯು ಅದನ್ನು ರದ್ದುಗೊಳಿಸಿ, ಬಡವರ ಪಟ್ಟಿಯ ಹಳೆಯ ಪದ್ಧತಿಗೇ ಮರಳಲು ನಿರ್ಣಯಿಸಿತು.

ಏಪ್ರಿಲ್ 11ರಂದು ಕೆಳಮನೆಯಲ್ಲಿ ಸ್ಟೀವನ್ಸನು ಎದ್ದುನಿಂತನು. ಈ ರದ್ದತಿಯು ಬಡವರ ಮೈಮೇಲೆ ಬರೆಯೆಳೆಯುವ ಕಾರ್ಯವೆಂದು ಖಂಡಿಸಿದನು. ಅಪರಾಧವನ್ನೇ ಎಸಗದವನೂ ನ್ಯಾಯಾಲಯ, ಸೆರೆಮನೆಗಳ ವೆಚ್ಚಕ್ಕೆ ತೆರಿಗೆ ಕೊಡುವನಲ್ಲವೆ ಎಂದು ವಾದಿಸಿದನು. ಹೀಗೆ ನುಡಿದವನು ಕಡೆಯವರೆಗೂ ಅವಿವಾಹಿತನಾಗಿಯೇ ಉಳಿದವನೆಂಬುದನ್ನು ಇಲ್ಲಿ ನೆನೆಯಬೇಕು. ಶಾಸನವನ್ನು ಬೆಂಬಲಿಸಿದ ಗವರ್ನರ್ ಜಾರ್ಜ್ ವುಲ್ಫನು ಪ್ರತಿಪಕ್ಷದವನಾಗಿದ್ದರೂ ಆತನನ್ನು ಮುಕ್ತಕಂಠದಿಂದ ಶ್ಲಾಘಿಸಿದನು. ಕೆಳಮನೆಯು ರದ್ದತಿಯನ್ನು ತಿರಸ್ಕರಿಸಿತು, ಮೇಲ್ಮನೆಯೂ ಮಣಿಯಿತು, ಶಾಲೆಗಳು ಉಳಿದವು.

1838ರಲ್ಲಿ ರಾಜ್ಯದ ಹೊಸ ಸಂವಿಧಾನವು ಮತದಾನವನ್ನು ಬಿಳಿಯರಿಗೆ ಮಾತ್ರ ಸೀಮಿತಗೊಳಿಸಿದಾಗ, ಅದನ್ನು ರಚಿಸಿದ ಸಭೆಯ ಸದಸ್ಯನಾಗಿದ್ದ ಸ್ಟೀವನ್ಸನು ಸಹಿ ಹಾಕಲೊಪ್ಪಲಿಲ್ಲ. ಮುಂದೆ ಆತನು ರಾಷ್ಟ್ರದ ಕಾಂಗ್ರೆಸ್ಸಿನ ಸದಸ್ಯನಾಗಿ 1868ರ ಆಗಸ್ಟ್ 11ರಂದು ನಿಧನನಾದನು. ಲ್ಯಾಂಕಾಸ್ಟರಿನಲ್ಲಿ ಅನಾಥಬಾಲಕರಿಗೊಂದು ಆಶ್ರಯಸ್ಥಾನವಾಗಲೆಂದು ಮೃತ್ಯುಪತ್ರದಲ್ಲಿ ಹಣವನ್ನು ನಿಯಮಿಸಿದ್ದನು. ಅದರ ಫಲವಾಗಿ 1905ರಲ್ಲಿ ಅಲ್ಲಿ ಕೈಗಾರಿಕಾ ಶಾಲೆಯೊಂದು ಸ್ಥಾಪಿತವಾಯಿತು. ಪತ್ರದಲ್ಲಿ ಆತನು ವಿಧಿಸಿದ್ದ ನಿಬಂಧನೆ ಇದು: ಮೈಬಣ್ಣವನ್ನೆಣಿಸದೆ ಎಲ್ಲ ಮಕ್ಕಳಿಗೂ ಒಂದೇ ತರಗತಿಯಲ್ಲಿ ಪಾಠ, ಒಂದೇ ಪಂಕ್ತಿಯಲ್ಲಿ ಊಟ.