ಗುದ್ದಲಿ ಪೂಜೆಗೆ ಮುಂಚಿನ ಮಳೆಗಾಲ

ಸಿಂಗಸಂದ್ರದಲ್ಲಿ ನಮ್ಮ 30×40ರ ಸೈಟು ನೋಂದಣಿ ಆದಾಗಿನಿಂದ ನೆಂಟರಿಷ್ಟರು ಕೇಳಿದ್ದು ಒಂದೇ ಮಾತು: ಗುದ್ದಲಿ ಪೂಜೆ ಯಾವಾಗ? ಭಾವನವರಂತೂ ಪಂಚಾಂಗ ನೋಡಿ ಮುಹೂರ್ತವನ್ನೇ ಗೊತ್ತುಮಾಡಿಕೊಂಡು ಬಂದಿದ್ದರು. ನಾನೂ ನನ್ನ ಹೆಂಡತಿಯೂ ಒಂದು ಮಳೆಗಾಲ ಕಾಯೋಣ ಎಂದುಕೊಂಡೆವು. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಸಾಲದ ಬಡ್ಡಿ ಕಟ್ಟುತ್ತಿರುವಾಗ ಸುಮ್ಮನೆ ಕಾಯುವುದು ಕಷ್ಟ. ಆದರೂ ಬೆಂಗಳೂರಿನ ಈ ಅಂಚಿನಲ್ಲಿ ಹೊಸದಾಗಿ ಜಾಗ ಕೊಂಡವರು ಯಾರು ಕೇಳಿದರೂ ನಾನು ಹೇಳುವುದು ಇದನ್ನೇ: ನಿಮ್ಮ ಸೈಟಿನಲ್ಲಿ ಮಳೆನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕಣ್ಣಾರೆ ನೋಡುವ ತನಕ ಮನೆಯ ನಕ್ಷೆಗೆ ಕೈಹಾಕಬೇಡಿ.

ಹೊಸೂರು ರಸ್ತೆಯ ಇಕ್ಕೆಲದ ಈ ಊರುಗಳು ಒಂದು ಕಾಲಕ್ಕೆ ಕೆರೆ, ಕಾಲುವೆ, ರಾಗಿ ಹೊಲಗಳವು. ಎಲೆಕ್ಟ್ರಾನಿಕ್ ಸಿಟಿ ಬೆಳೆದಂತೆ ಹೊಲಗಳು ಬಡಾವಣೆಗಳಾದವು, 2007ರಲ್ಲಿ ಬೊಮ್ಮನಹಳ್ಳಿ ನಗರಸಭೆಯೇ ಬಿಬಿಎಂಪಿಗೆ ಸೇರಿತು. ಬಡಾವಣೆ ಮಾಡುವವರು ದಿಣ್ಣೆಯನ್ನೂ ತಗ್ಗನ್ನೂ ಒಂದೇ ಮಟ್ಟಕ್ಕೆ ತಂದು ಕಲ್ಲು ನೆಟ್ಟರೆ, ಯಾವುದು ಗಟ್ಟಿ ನೆಲ, ಯಾವುದು ತುಂಬಿಸಿದ ತಗ್ಗು ಎಂದು ನೋಡಿದವರಿಗೆ ತಿಳಿಯುವುದಿಲ್ಲ. ನೀರಿಗೆ ಮಾತ್ರ ಹಳೆಯ ದಾರಿ ಮರೆಯುವುದಿಲ್ಲ. ಬೊಮ್ಮನಹಳ್ಳಿ ವಲಯದ ಅವನಿ ಶೃಂಗೇರಿ ನಗರದಲ್ಲಿ 2016ರ ಆಗಸ್ಟ್‌ನಲ್ಲಿ ರಾಜಕಾಲುವೆಯ ಮೇಲಿವೆಯೆಂದು ಮನೆಗಳನ್ನು ಕೆಡವಿದ್ದು ನೆನಪಿರಬಹುದು. ಅಲ್ಲಿ ಮನೆ ಕಳೆದುಕೊಂಡವರಲ್ಲಿ ಖಾತೆ ಇದ್ದವರಿದ್ದರು, ಬ್ಯಾಂಕ್ ಸಾಲ ಪಡೆದವರಿದ್ದರು. ಆ ಸುದ್ದಿ ನನ್ನ ಮನಸ್ಸಿನಿಂದ ಹೋಗಿಯೇ ಇಲ್ಲ.

ಮೂಲ ಪತ್ರ, ಭೂ ಪರಿವರ್ತನೆ ಆದೇಶ, ಋಣಭಾರ ಪತ್ರ, ಇ-ಖಾತೆ ಎಲ್ಲವನ್ನೂ ಕೊಳ್ಳುವಾಗಲೇ ವಕೀಲರಿಗೆ ತೋರಿಸಿದ್ದೆವು. ಮನೆ ಕಟ್ಟುವವರು ನೋಡಲೇಬೇಕಾದ ಇನ್ನೊಂದು ದಾಖಲೆ ಎಂದರೆ ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಕೆರೆ, ಕಾಲುವೆ, ಬಂಡಿದಾರಿಗಳು ಅದರಲ್ಲಿ ಹಳೆಯ ರೂಪದಲ್ಲೇ ಇರುತ್ತವೆ. ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಸೈಟಿನ ನಡುವೆ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂಬುದು ಪರದೆಯ ಮೇಲೆ ಬರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಜಾಗಕ್ಕೆ ಕಾಲುವೆ ತಾಗಿರಲಿಲ್ಲ.

ಆಮೇಲೆ ಅಳತೆ. ಪತ್ರದ ಚಕ್ಕುಬಂದಿಯಲ್ಲಿ ಹಿಂಬದಿಯ ಅಗಲ 30 ಅಡಿ, ಸರ್ವೆಯವರು ಅಳೆದಾಗ ಸಿಕ್ಕಿದ್ದು 29 ಅಡಿ ಚಿಲ್ಲರೆ. ನಕ್ಷೆಗೆ ಮುಂಚೆಯೇ ಇದು ತಿಳಿದದ್ದರಿಂದ ಅಡುಗೆಮನೆಯನ್ನು ಅಷ್ಟು ಒಳಕ್ಕೆ ತಂದೆವು, ಬಿಡಬೇಕಾದ ಜಾಗ ಸರಿಯಾಗಿ ಉಳಿಯಿತು. ಪಾಯ ಎದ್ದ ಮೇಲೆ ತಿಳಿದಿದ್ದರೆ ಪಕ್ಕದವರೊಡನೆ ಜಗಳ, ಪಾಲಿಕೆಯಲ್ಲಿ ಅಲೆದಾಟ ಎರಡೂ ಆಗುತ್ತಿದ್ದವು.

2025ರ ಮೇ ತಿಂಗಳಲ್ಲಿ ಸಿಲ್ಕ್ ಬೋರ್ಡ್ ಸುತ್ತಮುತ್ತ ಎಲ್ಲ ಜಲಾವೃತವಾದ ಆ ಮಳೆಯ ಮರುದಿನ ಬೆಳಿಗ್ಗೆ ಸೈಟಿಗೆ ಹೋದೆವು. ಮೇಲಿನ ಅಡ್ಡರಸ್ತೆಯಿಂದ ನೀರು ವಾಯವ್ಯದ ಕಡೆ ಒಳಬಂದು, ಓರೆಯಾಗಿ ಹರಿದು, ಆಗ್ನೇಯ ಮೂಲೆಯಲ್ಲಿ ಮೊಣಕಾಲ ತನಕ ನಿಂತಿತ್ತು. ಎದುರು ಮನೆಯ ತಾತ ಗೇಟಿಗೆ ಬಂದು, “ಮುಂಚಿಂದಾನೂ ಅಲ್ಲೇ ನಿಲ್ಲೋದಪ್ಪ. ನಾವು ಆ ಮೂಲೇಲಿ ರಾಗಿ ಹಾಕ್ತಾನೇ ಇರ್ಲಿಲ್ಲ” ಎಂದರು. ನಮ್ಮ ಕೈಯಲ್ಲಿದ್ದ ಅಷ್ಟೂ ಕಾಗದಗಳಲ್ಲಿ ಇಲ್ಲದ ಮಾತು ಅದು. ಊರಿನ ಹಿರಿಯರನ್ನು ಕೇಳಲು ಖರ್ಚೇನಿಲ್ಲ, ಹೋಗಿ ಕೂತು ಕೇಳಬೇಕು ಅಷ್ಟೆ.

ಮಣ್ಣು ನೋಡಲು ಎರಡು ಕಡೆ ಗುಂಡಿ ತೆಗೆಸಿದೆವು. “ಇಲ್ಲೆಲ್ಲ ಐದಡಿ ಸಾಕು ಸಾರ್, ಟೆಸ್ಟು ಗಿಸ್ಟು ಯಾಕೆ” ಎಂದರು ಮೇಸ್ತ್ರಿ. ರಸ್ತೆ ಕಡೆಯ ಗುಂಡಿಯಲ್ಲಿ ಅವರ ಮಾತೇ ನಿಜ: ಒಂದಡಿ ಮೇಲ್ಮಣ್ಣು, ಆಮೇಲೆ ಕೆಮ್ಮಣ್ಣು, ಐದಡಿಗೆ ಹಾರೆ ಠಣ್ಣೆನ್ನುವ ಗರಸು. ಆಗ್ನೇಯ ಮೂಲೆಯದು ಬೇರೆಯೇ. ಮೊದಲ ನಾಲ್ಕಡಿ ಬರೀ ಕಟ್ಟಡದ ಕಸ: ಒಡೆದ ಟೈಲ್ಸ್, ಗಾರೆ ಉಂಡೆ, ಪ್ಲಾಸ್ಟಿಕ್ ಕವರು, ಬಣ್ಣ ಹೋದ ಸಿಮೆಂಟ್ ಚೀಲ. ಅದರ ಕೆಳಗೆ ಕಪ್ಪು ಜೇಡಿ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಬೆರಳಿನ ಅಚ್ಚು ಹಾಗೇ ಉಳಿಯುತ್ತಿತ್ತು, ಮೂಗಿಗೆ ಹಿಡಿದರೆ ಕೆರೆಯ ವಾಸನೆ. ಗರಸು ಸಿಕ್ಕಿದ್ದು ಎಂಟಡಿ ದಾಟಿದ ಮೇಲೆ.

ಎಂಜಿನಿಯರ್ ಗುಂಡಿಯೊಳಗೇ ಇಳಿದು ನೋಡಿ ವಿವರಿಸಿದರು. ಮನೆಯ ಒಂದು ಭಾಗ ಗರಸಿನ ಮೇಲೂ ಇನ್ನೊಂದು ಭಾಗ ತುಂಬಿಸಿದ ಮಣ್ಣಿನ ಮೇಲೂ ಕೂತರೆ ಎರಡೂ ಒಂದೇ ಸಮ ಇಳಿಯುವುದಿಲ್ಲ. ಮೆತ್ತಗಿನ ಕಡೆ ಕುಸಿಯುತ್ತದೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಆ ಬಿರುಕಿಗೆ ಎಷ್ಟು ಸಲ ಪುಟ್ಟಿ ಹಚ್ಚಿದರೂ ಮತ್ತೆ ಬಾಯಿಬಿಡುತ್ತದೆ. ಪ್ರಯೋಗಾಲಯದ ವರದಿ ಬಂದ ಮೇಲೆ ಹಿಂಬದಿಯ ಕಂಬಗಳ ಪಾಯವನ್ನು ಗರಸಿನ ತನಕ ಇಳಿಸುವುದು, ಎಲ್ಲ ಕಂಬಗಳನ್ನೂ ಪ್ಲಿಂತ್ ಬೀಮಿನಿಂದ ಬಿಗಿಯುವುದು ಎಂದು ತೀರ್ಮಾನವಾಯಿತು. ಕಬ್ಬಿಣ, ಕಾಂಕ್ರೀಟಿನ ಖರ್ಚು ಹೆಚ್ಚಿತು. ಅದಕ್ಕಾಗಿ ಮುಂಬದಿಯ ಕಲ್ಲಿನ ಅಲಂಕಾರವನ್ನು ಕೈಬಿಟ್ಟೆವು. ಮಣ್ಣಿನೊಳಗೆ ಹೋಗುವ ಹಣ ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ಅಲ್ಲಿ ಕೈಬಿಗಿ ಹಿಡಿಯಬೇಡಿ.

ನಮ್ಮ ಬೀದಿಯ ಹಳೆಯ ಮನೆಗಳನ್ನು ನೋಡಿ ಇನ್ನೊಂದು ತಿಳಿಯಿತು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರಿದೆ, ಗೇಟು ಹೊರಕ್ಕೆ ತೆರೆಯುವುದಿಲ್ಲ, ಹೊಸಿಲಿಗೆ ಇಟ್ಟಿಗೆಯ ಕಟ್ಟೆ ಕಟ್ಟಿಕೊಂಡಿದ್ದಾರೆ. ನಾವು ನಕ್ಷೆಯಲ್ಲಿ ಈಗಿನ ರಸ್ತೆಯಿಂದ ಮೂರಡಿ ಮೇಲೆ ನೆಲಮಟ್ಟ ಇಟ್ಟೆವು. ಸಂಪಿನ ಬಾಯಿಯನ್ನೂ ಎತ್ತರಿಸಿದೆವು, ಇಲ್ಲದಿದ್ದರೆ ಬೀದಿಯ ಚರಂಡಿ ನೀರು ಕುಡಿಯುವ ನೀರಿಗೆ ಸೇರುತ್ತದೆ.

ನೀರಿನ ಲೆಕ್ಕವನ್ನೂ ಮೊದಲೇ ಹಾಕಿಟ್ಟುಕೊಳ್ಳಬೇಕು. 2024ರ ಮಾರ್ಚ್‌ನ ಬರದಲ್ಲಿ ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಕ್ಯೂರಿಂಗ್ ಬೇಸಿಗೆಗೆ ಬಿದ್ದರೆ ಟ್ಯಾಂಕರಿನವರು ಹೇಳಿದ್ದೇ ದರ. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರ್. 1,200 ಚದರ ಅಡಿಯ ಮೇಲೆ ಬೀಳುವುದು ಒಂದು ಲಕ್ಷ ಲೀಟರಿಗೂ ಹೆಚ್ಚು. ಅಷ್ಟು ನೀರನ್ನು ಚರಂಡಿಗೆ ಬಿಟ್ಟು ಟ್ಯಾಂಕರಿಗೆ ಕಾಯುವುದು ನನಗೆ ಅನ್ಯಾಯವೆನಿಸುತ್ತದೆ. ಹೊಸ ಮನೆಗೆ ಮಳೆನೀರು ಸಂಗ್ರಹ 2009ರಿಂದ ಕಡ್ಡಾಯವೂ ಹೌದು. ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೇಂದ್ರವಿದೆ, ಬಗೆಬಗೆಯ ಮಾದರಿಗಳನ್ನು ಅಲ್ಲೇ ನೋಡಬಹುದು. ಇಂಗುಬಾವಿ ಮುಂದಿನ ಅಂಗಳದಲ್ಲಿ, ಕೆಮ್ಮಣ್ಣು ಇರುವ ಕಡೆ ಬರುತ್ತದೆ. ಜೇಡಿಯಲ್ಲಿ ನೀರು ಇಂಗುವುದಿಲ್ಲ, ಪಾಯದ ಪಕ್ಕ ಇಂಗಿದರೂ ಕೆಡುಕೇ. ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣು ವಡ್ಡರಿಗೇ ಆ ಕೆಲಸ ಒಪ್ಪಿಸಿದ್ದೇವೆ. ಸಂಪು ಮಾತ್ರ ಭಾವನವರ ಮಾತಿನಂತೆ ಈಶಾನ್ಯದಲ್ಲೇ.

ನಕ್ಷೆ ಮಂಜೂರಾತಿ ವಿಷಯದಲ್ಲಿ ಒಂದೇ ಮಾತು. ಸ್ವಾಧೀನಾನುಭವ ಪತ್ರ (ಒಸಿ) ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕಾಲ ಬದಲಾಗಿದೆ. ಸಣ್ಣ ಸೈಟುಗಳಿಗೆ ರಾಜ್ಯ ಸರ್ಕಾರ ವಿನಾಯಿತಿಯ ದಾರಿ ಹುಡುಕಿದರೂ, “ಆಮೇಲೆ ನೋಡ್ಕೊಳೋಣ” ಎನ್ನುವ ಗುತ್ತಿಗೆದಾರರ ಮಾತಿಗೆ ನಕ್ಷೆ ಮೀರಿ ಒಂದಡಿಯನ್ನೂ ಕಟ್ಟಬೇಡಿ.

ಇನ್ನು ನೆರೆಹೊರೆ. ಎಂಟಡಿ ತೋಡುವ ಮೂಲೆಗೆ ಪಕ್ಕದ ಮನೆಯ ಗೋಡೆ ತೀರಾ ಹತ್ತಿರ. ಆ ಮನೆಯ ಅಕ್ಕನವರಿಗೆ ನಕ್ಷೆ ತೋರಿಸಿ, ಮಳೆಯಿಲ್ಲದ ವಾರದಲ್ಲಿ ಆ ಮೂಲೆಯ ಗುಂಡಿಗಳನ್ನು ಒಂದೊಂದಾಗಿ ತೋಡಿ, ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕುವುದೆಂದು ಒಪ್ಪಿಕೊಂಡೆವು. ಅವರ ಗೋಡೆಯಲ್ಲಿ ಈಗಾಗಲೇ ಇರುವ ಬಿರುಕುಗಳ ಫೋಟೊ ತೆಗೆದು, ದಿನಾಂಕ ಬರೆದು, ಎರಡೂ ಮನೆಯವರು ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡಿದ್ದೇವೆ. ಮೇಸ್ತ್ರಿಗೂ ಒಂದು ಪ್ರತಿ ಕೊಟ್ಟಿದ್ದೇವೆ.