ಹೊರಗೊಂದು ಪ್ಲಗ್ಗು, ಅದಕ್ಕೂ ಮೊದಲು ಒಂದು ಲೆಕ್ಕ

ಕೆನಡಾದ ಚಳಿಯಲ್ಲಿ ಕಾರಿನ ಎಂಜಿನ್ ಹೀಟರಿಗೆ ರಾತ್ರಿ ಮನೆ ಹೊರಗಿನ ಪ್ಲಗ್ಗಿಂದ ಕರೆಂಟ್ ಕೊಡ್ತಾರೆ. ನಮ್ಮ ಇನ್ನಂಜೆಯಲ್ಲಿ ಎಂಜಿನ್ ಬಿಸಿ ಮಾಡುವ ಕೆಲಸವೇ ಇಲ್ಲ. ಆದರೆ ಎಲೆಕ್ಟ್ರಿಕ್ ಕಾರು ಬಂದ ಮನೆಗೆ ಅಂಥದ್ದೇ ಪ್ಲಗ್ ಬೇಕು. ಸುಲಭ ಅಂತ ಕಿಟಕಿಯಿಂದ ಎಕ್ಸ್‌ಟೆನ್ಶನ್ ವಯರ್ ಎಳೆದರೆ ಏನಾಗುತ್ತೆ, ಲೆಕ್ಕ ಹಾಕೋಣ.

3.3 ಕಿಲೋವ್ಯಾಟ್ ಚಾರ್ಜರ್ 230 ವೋಲ್ಟಿನಲ್ಲಿ 14 ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ, ಅದೂ ಗಂಟೆಗಟ್ಟಲೆ. 15 ಮೀಟರ್ ಉದ್ದದ, 1 ಚದರ ಮಿ.ಮೀ. ತಾಮ್ರದ ವಯರಿನ ರೋಧ ಹೋಗಿ ಬಂದು ಸುಮಾರು 0.55 ಓಮ್. ಅಂದ್ರೆ ವಯರಲ್ಲೇ ನೂರಕ್ಕೂ ಹೆಚ್ಚು ವ್ಯಾಟ್ ಶಾಖ. ಸುತ್ತಿಟ್ಟ ವಯರಾದರೆ ಆ ಶಾಖ ಹೊರಗೆ ಹೋಗೋದೂ ಇಲ್ಲ. 4 ಚದರ ಮಿ.ಮೀ. ಹಾಕಿದರೆ ಇದು ಕಾಲು ಭಾಗಕ್ಕೆ ಇಳಿಯುತ್ತದೆ. ಇದಕ್ಕಿಂತ ಅಪಾಯ ಸಡಿಲ ಪ್ಲಗ್ಗು: ಅಲ್ಲಿ ಬರೀ 0.1 ಓಮ್ ಇದ್ದರೂ ಒಂದೇ ಜಾಗದಲ್ಲಿ 20 ವ್ಯಾಟ್. ನಮ್ಮ ಲ್ಯಾಬಿನ ಸೋಲ್ಡರಿಂಗ್ ಐರನ್ 25 ವ್ಯಾಟ್!

ಹಾಗಾಗಿ ಬೋರ್ಡಿನಿಂದಲೇ ಬೇರೆ ಲೈನ್, ಅದಕ್ಕೆ ಎಂಸಿಬಿ, 30 ಮಿಲಿಆಂಪ್ ಆರ್‌ಸಿಸಿಬಿ, ಮುಚ್ಚಳದ 16 ಆಂಪ್ ಸಾಕೆಟ್ ಬೇಕು. ನಮ್ಮೂರ ಮಳೆ ಗಾಳಿಗೆ ಅಡ್ಡ ಹೊಡೆಯುತ್ತೆ, ಆದ್ದರಿಂದ ಬಾಕ್ಸಿಗೆ ವಯರ್ ಕೆಳಗಿನಿಂದ ಬರಲಿ. ಅರ್ತಿಂಗ್ ಮಾತ್ರ ಮಳೆಗಾಲದಲ್ಲಿ ಪರೀಕ್ಷಿಸಿ ನಂಬಬೇಡಿ. ಮಣ್ಣು ಒಣಗಿದಾಗ ಅದರ ರೋಧ ಏರುತ್ತೆ, ಅಳೆಸೋದು ಏಪ್ರಿಲ್‌ನಲ್ಲಿ. ಮನೆಗೆ ಮಂಜೂರಾದ ಲೋಡ್ 2 ಕಿಲೋವ್ಯಾಟ್ ಮಾತ್ರ ಇದ್ದರೆ, ಮೊದಲು ಮೆಸ್ಕಾಂಗೆ ಅರ್ಜಿ.