ಬೇಡಿ ಪಡೆದ ವಿದ್ಯಾಲಯ

ಊರಿನಲ್ಲಿ ಪಾಠಶಾಲೆಯೊಂದನ್ನು ಕಂಡು, ಇದನ್ನು ಸ್ಥಾಪಿಸಿದವರು ಯಾರೆಂದು ವಿಚಾರಿಸಿದರೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ದೊರೆಯುವುವು. ಸರಕಾರದವರು ಸ್ಥಾಪಿಸಿದರೆಂದು ಕೆಲವರು ಹೇಳುವರು. ಮಿಶನಿನವರು ಸ್ಥಾಪಿಸಿದರೆಂದು ಬೇರೆ ಕೆಲವರು ಹೇಳುವರು. ಈ ಎರಡು ಉತ್ತರಗಳಲ್ಲಿಯೂ ಮಕ್ಕಳ ತಂದೆತಾಯಿಗಳ ಹೆಸರು ಬರುವುದಿಲ್ಲ. ಅವರು ಮಗುವನ್ನು ಬಾಗಿಲ ತನಕ ಕರೆತಂದು, ಫೀಸನ್ನು ಸಲ್ಲಿಸಿ, ಮನೆಗೆ ಹಿಂದಿರುಗತಕ್ಕವರು ಮಾತ್ರವೆಂಬ ಭಾವನೆಯು ನಮ್ಮಲ್ಲಿ ಬೇರೂರಿದೆ. ಆದರೆ ತಂದೆತಾಯಿಗಳೇ ಬೇಕೆಂದು ಹಟ ಹಿಡಿದು, ವರ್ಷಗಟ್ಟಲೆ ಬಿನ್ನವಿಸಿಕೊಂಡು, ತಮ್ಮ ನೆಲವನ್ನು ಕೊಟ್ಟು ಪಡೆದ ಬಾಲಕರ ವಿದ್ಯಾಲಯವೊಂದು ನಮ್ಮ ಕರಾವಳಿಯಲ್ಲಿಯೇ ಇರುವುದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಆ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ಅದರಿಂದ ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಕಲಿಯಬೇಕಾದುದೇನೆಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

೧. ಒಂದೇ ಕರಾವಳಿ

ಕಾಳಿ ನದಿಯ ದಡದ ಕದ್ವಾಡಕ್ಕೂ ನೇತ್ರಾವತಿಯ ಅಳಿವೆಯ ಬಳಿಯ ಮಂಗಳೂರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. 1799ರಲ್ಲಿ ಟಿಪ್ಪು ಸುಲ್ತಾನನ ರಾಜ್ಯವು ಇಂಗ್ಲಿಷರ ವಶವಾದ ಬಳಿಕ ಈ ಕರಾವಳಿಯೆಲ್ಲ ಕೆನರಾ ಎಂಬ ಒಂದೇ ಜಿಲ್ಲೆಯಾಗಿದ್ದಿತು. 1862ರಲ್ಲಿ ಉತ್ತರ ಭಾಗವು ಮುಂಬಯಿ ಇಲಾಖೆಗೆ ಸೇರಿತು. ದಕ್ಷಿಣ ಭಾಗವು ಮದರಾಸು ಇಲಾಖೆಯಲ್ಲಿಯೇ ಉಳಿಯಿತು. ಅಂದಿನಿಂದ ಕಾರವಾರದ ಬಾಲಕನು ಮುಂಬಯಿಯ ಪರೀಕ್ಷೆಗೂ ಮಂಗಳೂರಿನ ಬಾಲಕನು ಮದರಾಸಿನ ಪರೀಕ್ಷೆಗೂ ಓದತೊಡಗಿದರು. ಗಂಗಾವಳಿ, ಅಘನಾಶಿನಿ, ಶರಾವತಿಗಳನ್ನು ದೋಣಿಯಲ್ಲಿ ದಾಟಿ ದಕ್ಷಿಣಕ್ಕೆ ಹೋಗಬೇಕಾಗಿದ್ದ ಆ ಕಾಲದಲ್ಲಿ ಎರಡೂ ಕಡೆಯವರು ದೂರವಾದರು. ಆದರೂ ಕೊಂಕಣಿಯ ಮನೆಮಾತು, ಕನ್ನಡದ ವ್ಯವಹಾರ, ಗೋವೆಯಿಂದ ಬಂದ ಹಿರಿಯರ ನೆನಪು, ಇವು ಎರಡೂ ಕಡೆಯ ಕ್ರೈಸ್ತ ಕುಟುಂಬಗಳಿಗೆ ಸಮಾನವಾಗಿಯೇ ಉಳಿದುವು. ಆದುದರಿಂದ ಅಲ್ಲಿಯ ತಂದೆತಾಯಿಗಳ ಕಥೆಯು ನಮ್ಮ ನೆಂಟರ ಮನೆಯ ಕಥೆಯೇ ಸರಿ.

೨. ಬೇಡಿಕೆ

ಮಂಗಳೂರಿನ ಕಥೋಲಿಕ ಜನರು 1784ರಲ್ಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟವರು. 1799ರ ತರುವಾಯ ಉಳಿದವರು ಬರಿಗೈಯಲ್ಲಿ ಊರಿಗೆ ಮರಳಿದರು. ಗದ್ದೆತೋಟಗಳನ್ನು ಪುನಃ ಸಂಪಾದಿಸುವುದರಲ್ಲಿಯೇ ಒಂದೆರಡು ತಲೆಗಳು ಕಳೆದುವು. ಹೊಟ್ಟೆಗೆ ಕೂಳು ದೊರೆತ ಮೇಲೆ ಮಕ್ಕಳ ವಿದ್ಯೆಯ ಚಿಂತೆಯು ಅವರನ್ನು ಹಿಡಿಯಿತು. ಕಚೇರಿಯ ಕೆಲಸಕ್ಕೂ ವಕೀಲಿಗೂ ಇಂಗ್ಲಿಷು ಬೇಕಾಗಿದ್ದಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು ಕೆಲವೇ ವರ್ಷಗಳಲ್ಲಿ ಶಾಲೆಗಳನ್ನು ತೆರೆದಿದ್ದರು. 1860ರ ದಶಕದಲ್ಲಿ ಸರಕಾರದ ಪ್ರೊವಿನ್ಶಿಯಲ್ ಶಾಲೆಯೂ ಆರಂಭವಾಯಿತು.

ಇಲ್ಲಿಯೇ ತಂದೆತಾಯಿಗಳಿಗೆ ಧರ್ಮಸಂಕಟವೊದಗಿತು. ಬಾಸೆಲ್ ಮಿಶನಿನ ಶಾಲೆಗೆ ಮಗನನ್ನು ಕಳುಹಿಸಿದರೆ ಅವನಿಗೆ ಒಳ್ಳೆಯ ವಿದ್ಯೆ ದೊರೆಯುವುದು. ಆದರೆ ತಮ್ಮ ಹಿರಿಯರು ಸೆರೆಯಲ್ಲಿಯೂ ಬಿಡದ ಆಚಾರದಿಂದ ಅವನು ದೂರವಾದಾನೆಂಬ ಭಯ. ಮನೆಯಲ್ಲಿಯೇ ಇರಿಸಿಕೊಂಡರೆ ಆಚಾರ ಉಳಿಯುವುದು; ಆದರೆ ಅವನು ಹಿಂದುಳಿಯುವನೆಂಬ ಭಯ. ಈ ಎರಡು ಭಯಗಳೂ ನಿಜವಾದುವೇ. ಅವರು ಬಾಸೆಲ್ ಮಿಶನಿನವರನ್ನು ಬೈಯುತ್ತ ಕುಳಿತಿದ್ದರೆ ಏನೂ ಆಗುತ್ತಿರಲಿಲ್ಲ. ತಮಗೆ ಬೇಕಾದುದೇನೆಂಬುದನ್ನು ಸ್ಪಷ್ಟವಾಗಿ ಹೇಳಿ ಬೇಡಿದರು. ಆಗ ಅವರ ಧಾರ್ಮಿಕ ಮೇಲ್ವಿಚಾರಣೆಯು ಕಾರ್ಮೆಲ್ ಸಭೆಯ ಗುರುಗಳ ಕೈಯಲ್ಲಿದ್ದಿತು. ವಿದ್ಯಾದಾನದಲ್ಲಿ ಜಗತ್ಪ್ರಸಿದ್ಧರಾದ ಯೇಸುಸಭೆಯ ಗುರುಗಳನ್ನು, ಎಂದರೆ ಜೆಸ್ವಿತರನ್ನು, ತಮ್ಮಲ್ಲಿಗೆ ಕಳುಹಿಸಬೇಕೆಂದು ಮಂಗಳೂರಿನವರು ರೋಮಾಪುರಿಗೆ ಮತ್ತೆ ಮತ್ತೆ ಬಿನ್ನಹಪತ್ರಗಳನ್ನು ಬರೆದುಕೊಂಡರು. ಅದೇ ಗುರುಗಳು 1869ರಲ್ಲಿ ಮುಂಬಯಿಯಲ್ಲಿ ಸಂತ ಝೇವಿಯರರ ಕಾಲೇಜನ್ನು ಸ್ಥಾಪಿಸಿದ್ದರು. ಅಳದ ಮಗುವಿಗೆ ತಾಯಿಯೂ ಹಾಲು ಕೊಡಳೆಂಬ ಗಾದೆಯು ನಮ್ಮಲ್ಲಿದೆ. ಮಂಗಳೂರಿನವರು ಒಂದು ಸಲ ಕೇಳಿ ಸುಮ್ಮನಾಗಲಿಲ್ಲ.

ಕೊನೆಗೆ 1878ನೆಯ ಸಪ್ಟಂಬರ 27ರಂದು ಪೋಪ್ ಹದಿಮೂರನೆಯ ಲಿಯೋರವರು ಮಂಗಳೂರಿನ ಮಿಶನನ್ನು ಇಟಲಿ ದೇಶದ ಯೇಸುಸಭೆಯವರಿಗೆ ಒಪ್ಪಿಸಿ ಆಜ್ಞಾಪತ್ರವನ್ನು ಹೊರಡಿಸಿದರು. ಅದೇ ವರ್ಷದ ದಶಂಬರ 31ರಂದು ಆ ಗುರುಗಳು ಮಂಗಳೂರನ್ನು ಮುಟ್ಟಿದರು.

೩. ಕೊಡುಗೆ

ಬೇಡುವುದು ಸುಲಭ, ಕೊಡುವುದು ಕಷ್ಟ. ಬೇಡಿದ ಜನರು ಕೊಡುವುದಕ್ಕೂ ಹಿಂಜರಿಯಲಿಲ್ಲವೆಂಬುದೇ ಈ ಚರಿತ್ರೆಯ ಹಿರಿಮೆ. ಗುರುಗಳು ಬಂದು ಒಂದು ವರ್ಷ ಹನ್ನೆರಡು ದಿನಗಳಾಗುವಷ್ಟರಲ್ಲಿ, 1880ನೆಯ ಜನವರಿ 12ರಂದು, ಕೊಡಿಯಾಲಬೈಲಿನ ಒಂದು ಬಂಗಲೆಯಲ್ಲಿ ಸುಮಾರು 150 ಮಂದಿ ಬಾಲಕರೊಡನೆ ಪಾಠಗಳು ಆರಂಭವಾದುವು. ಪೇಟೆಗೂ ಕಡಲಿಗೂ ಕಾಣುವಂತಿದ್ದ ಗುಡ್ಡದ ಮೇಲಣ ನಿವೇಶನವನ್ನು ಲಾರೆನ್ಸ್ ಲೋಬೋ ಪ್ರಭು ಎಂಬ ಗೃಹಸ್ಥರು ದಾನವಾಗಿ ಕೊಟ್ಟರು. ಮುಂದೆ ಐದಾರು ವರ್ಷಗಳೊಳಗೆ ವಿದ್ಯಾಲಯವು ಆ ಗುಡ್ಡವನ್ನೇರಿತು. ಇಂದಿಗೂ ಅದು ಅಲ್ಲಿಯೇ ಇರುವುದು.

ಹೀಗೆ ದೊರೆತ ಗುರುಗಳು ಎಂತಹವರೆಂಬುದನ್ನು ಕೆಲವು ಮಾತುಗಳಲ್ಲಿ ಹೇಳಬೇಕು. ಅವರೊಡನೆ ಬಂದ ಆಗುಸ್ಟಸ್ ಮುಲ್ಲರರು ಬಡ ರೋಗಿಗಳಿಗೆ ಹೋಮಿಯೋಪತಿ ಔಷಧವನ್ನು ಕೊಡಲಾರಂಭಿಸಿದರು. ಕಂಕನಾಡಿಯಲ್ಲಿ ಅವರ ಹೆಸರಿನ ದೊಡ್ಡ ಆಸ್ಪತ್ರೆಯು ಈ ಕಾರ್ಯದಿಂದಲೇ ಬೆಳೆಯಿತು. ಆಂಜೆಲೋ ಮಾಫೆಯವರು ಜನರ ಮನೆಮಾತನ್ನು ಕಲಿತು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ ಮರುವರ್ಷ ಕೊಂಕಣಿ ಕೋಶವನ್ನೂ ಪ್ರಕಟಿಸಿದರು. ಆ ವ್ಯಾಕರಣವು ಅಚ್ಚಾದುದು ಎಲ್ಲಿ? ಬಾಸೆಲ್ ಮಿಶನಿನ ಮುದ್ರಣಾಲಯದಲ್ಲಿ! ಯಾವ ಮಿಶನಿನ ಶಾಲೆಗಳಿಗೆ ಮಕ್ಕಳನ್ನು ಕಳುಹಿಸಲು ತಂದೆತಾಯಿಗಳು ಅಳುಕಿದ್ದರೋ ಅದೇ ಮಿಶನಿನ ಅಚ್ಚುಮೊಳೆಗಳು ಅವರ ಮನೆಮಾತಿನ ವ್ಯಾಕರಣಕ್ಕೆ ನೆರವಾದುವು. ಸ್ಪರ್ಧೆಯು ಹಗೆತನವಾಗಬೇಕಾದುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ. ಕಾಲೇಜಿನ ದೇವಾಲಯದ ಗೋಡೆ ಛಾವಣಿಗಳ ಮೇಲೆ ಶತಮಾನದ ತಿರುವಿನಲ್ಲಿ ಅಂತೋನಿಯೋ ಮೊಸ್ಕೇನಿ ಎಂಬ ಇಟಲಿಯ ಸಹೋದರರು ಬರೆದ ಚಿತ್ರಗಳನ್ನು ನೋಡಲು ಜನರು ಇಂದಿಗೂ ದೂರದೂರದಿಂದ ಬರುವರು.

೪. ಸ್ಥಾಪಕರು ಯಾರು?

ಹೀಗಿರಲು ಈ ವಿದ್ಯಾಲಯದ ಸ್ಥಾಪಕರು ಯೇಸುಸಭೆಯವರೋ, ತಂದೆತಾಯಿಗಳೋ? ದಾಖಲೆಗಳಲ್ಲಿ ಯೇಸುಸಭೆಯವರೆಂದೇ ಇರುವುದು, ಅದು ಸರಿಯೇ. ಪಾಠ ಹೇಳಿದವರೂ ಆಡಳಿತ ನಡೆಸಿದವರೂ ಅವರೇ. ಆದರೆ ಬೀಜವನ್ನು ಬಿತ್ತಿದವನೊಬ್ಬ, ನೀರೆರೆದವನೊಬ್ಬ. ಕೇಳದಿದ್ದರೆ ಅವರು ಬರುತ್ತಿದ್ದರೆಂದು ಹೇಳಲಾಗದು.

ತಂದೆತಾಯಿಗಳು ಶಾಲೆಯನ್ನು ಪಡೆಯುವ ಮಾರ್ಗಗಳು ಎರಡು. ಬೇಡಿ, ನೆಲವನ್ನು ಕೊಟ್ಟು, ನಡೆಸುವ ಭಾರವನ್ನು ನುರಿತವರಿಗೆ ಒಪ್ಪಿಸುವುದು ಒಂದು. ಮಂಗಳೂರಿನವರು ಹಿಡಿದುದು ಇದನ್ನೇ. ಆಡಳಿತವನ್ನೂ ತಾವೇ ವಹಿಸಿಕೊಳ್ಳುವುದು ಇನ್ನೊಂದು. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ 1969ರಲ್ಲಿ ಕಥೋಲಿಕ ಗೃಹಸ್ಥರ ಗುಂಪೊಂದು ‘ಹೈಟ್ಸ್’ ಎಂಬ ಬಾಲಕರ ಶಾಲೆಯನ್ನು ತೆರೆದುದು ಎರಡನೆಯ ಮಾರ್ಗಕ್ಕೆ ಉದಾಹರಣೆ. ಅಲ್ಲಿ ಪ್ರತಿಯೊಬ್ಬ ಬಾಲಕನಿಗೂ ಉಪಾಧ್ಯಾಯರಲ್ಲೊಬ್ಬರು ಮಾರ್ಗದರ್ಶಕರಾಗಿದ್ದು, ಅವನ ಓದು ನಡತೆಗಳ ವಿಚಾರವಾಗಿ ತಂದೆತಾಯಿಗಳೊಡನೆ ಮಾತಾಡುವ ಪದ್ಧತಿಯುಂಟು.

ಎರಡು ಮಾರ್ಗಗಳಿಗೂ ಗುಣವೂ ಉಂಟು, ಅಪಾಯವೂ ಉಂಟು. ನುರಿತವರಿಗೆ ಒಪ್ಪಿಸಿದ ಶಾಲೆಯು ತಲೆತಲಾಂತರಕ್ಕೆ ನಿಲ್ಲುವುದು. ಆದರೆ ಒಪ್ಪಿಸಿದವರು ಕಾಲಕ್ರಮದಲ್ಲಿ ತಮ್ಮ ಹೊಣೆಯನ್ನು ಮರೆತು ಬರಿಯ ಗಿರಾಕಿಗಳಾಗುವರು. ತಂದೆತಾಯಿಗಳೇ ನಡೆಸುವ ಶಾಲೆಯಲ್ಲಿ ಆಸಕ್ತಿಯು ಹೆಚ್ಚು. ಆದರೆ ಮಕ್ಕಳು ಓದಿ ಹೊರಟುಹೋದ ಮೇಲೆ ಆ ಆಸಕ್ತಿಯು ಆರಿಹೋಗುವ ಭಯವುಂಟು. ಯಾವ ಮಾರ್ಗವೇ ಆಗಲಿ, ಮಕ್ಕಳ ಶಿಕ್ಷಣದ ಮೊದಲ ಹಕ್ಕೂ ಮೊದಲ ಹೊಣೆಯೂ ಹೆತ್ತವರದೆಂಬುದನ್ನು ಪೋಪ್ ಹನ್ನೊಂದನೆಯ ಪಿಯುಸರು 1929ರ ತಮ್ಮ ಶಿಕ್ಷಣವಿಷಯಕ ಪತ್ರದಲ್ಲಿ ವಿವರಿಸಿರುವರು. ಶಾಲೆಯು ಮನೆಗೆ ನೆರವಾಗತಕ್ಕದ್ದು. ಮನೆಯ ಸ್ಥಾನವನ್ನು ಅಪಹರಿಸತಕ್ಕದ್ದಲ್ಲ.

೫. ಹೆಣ್ಣುಮಕ್ಕಳ ಮಾತು

ಇಲ್ಲಿಯ ತನಕ ಓದಿದ ಹಳೆಯ ವಿದ್ಯಾರ್ಥಿನಿಯೊಬ್ಬಳು, “ಇದೆಲ್ಲ ಗಂಡುಮಕ್ಕಳ ಕಥೆಯಾಯಿತಲ್ಲ!” ಎಂದು ಆಕ್ಷೇಪಿಸಿದರೆ ಅವಳ ಮಾತು ನ್ಯಾಯವೇ. ಆ ಕಾಲದ ಲೆಕ್ಕವನ್ನೇ ನೋಡೋಣ. ಮಾತೆ ವೆರೋನಿಕಾ ಎಂಬ ಇಂಗ್ಲಿಷ್ ಸ್ತ್ರೀಯು 1868ರಲ್ಲಿ ಫ್ರಾನ್ಸಿನ ಬಯೋನ್ ಎಂಬಲ್ಲಿ ಅಪೊಸ್ತಲಿಕ ಕಾರ್ಮೆಲ್ ಎಂಬ ಕನ್ಯಾಸ್ತ್ರೀಯರ ಸಭೆಯನ್ನು ಸ್ಥಾಪಿಸಿದರು. ಆ ಸಭೆಯ ಕನ್ಯಾಸ್ತ್ರೀಯರು 1870ನೆಯ ನವಂಬರದಲ್ಲಿ ಮಂಗಳೂರಿಗೆ ಬಂದು ಬಾಲಿಕೆಯರಿಗೆ ವಿದ್ಯೆ ಹೇಳತೊಡಗಿದರು. ಎಂದರೆ ಬಾಲಕರ ಗುರುಗಳಿಗಿಂತ ಎಂಟು ವರ್ಷಗಳ ಮೊದಲೇ ಬಾಲಿಕೆಯರ ಗುರುಗಳು ಬಂದಿದ್ದರು. ಆದರೆ ಗುರುಗಳು ಬಂದ ಎರಡನೆಯ ವರ್ಷದಲ್ಲಿಯೇ ಬಾಲಕರ ಕಾಲೇಜು ಆರಂಭವಾಯಿತು. ಅದೇ ಕನ್ಯಾಸ್ತ್ರೀಯರು ಸ್ತ್ರೀಯರಿಗಾಗಿ ಸಂತ ಆಗ್ನೆಸಳ ಕಾಲೇಜನ್ನು ತೆರೆದುದು 1921ರಲ್ಲಿ. ಬಂದಂದಿನಿಂದ ಎಣಿಸಿದರೆ 51 ವರ್ಷಗಳು. ಸಹೋದರರ ಕಾಲೇಜಿನಿಂದ ಎಣಿಸಿದರೆ 41 ವರ್ಷಗಳು!

ಕನ್ಯಾಸ್ತ್ರೀಯರಲ್ಲಿ ಶಕ್ತಿಯಿರಲಿಲ್ಲವೆಂದು ಯಾರೂ ಹೇಳಲಾರರು. ಹುಡುಗಿಗೆ ಓದು ಬರಹ, ಹೊಲಿಗೆ, ಪ್ರಾರ್ಥನೆಗಳು ಬಂದರೆ ಸಾಕೆಂಬ ಭಾವನೆಯು ಅಂದು ನಮ್ಮ ಕರಾವಳಿಯ ಎಲ್ಲ ಮತದವರ ಮನೆಗಳಲ್ಲಿಯೂ ಬಲವಾಗಿದ್ದಿತು. ಮಗನಿಗಾಗಿ ಸಮುದ್ರದಾಚೆಗೆ ಪತ್ರ ಬರೆದ ಸಮಾಜವು ಮಗಳ ವಿಚಾರದಲ್ಲಿ ಅಷ್ಟು ಆತುರಪಡಲಿಲ್ಲ. ಆ ಹಿರಿಯರನ್ನು ನಿಂದಿಸಲು ನಾನಿದನ್ನು ಹೇಳುತ್ತಿಲ್ಲ. ಬೇಡಿದಲ್ಲಿ ಶಾಲೆಯು ಬೇಗ ಬಂದಿತು, ಬೇಡದಲ್ಲಿ ತಡವಾಯಿತು ಎಂಬುದನ್ನು ತೋರಿಸುವುದಕ್ಕಾಗಿ ಹೇಳುತ್ತಿರುವೆನು. ಇಂದು ಸಂತ ಅಲೋಶಿಯಸ್ ವಿದ್ಯಾಲಯದಲ್ಲಿ ಬಾಲಿಕೆಯರೂ ಓದುತ್ತಿರುವರು. 2024ರಲ್ಲಿ ಅದಕ್ಕೆ ಡೀಮ್ಡ್ ವಿಶ್ವವಿದ್ಯಾಲಯದ ಪದವಿಯೂ ದೊರೆಯಿತು. 150 ಬಾಲಕರ ಬಂಗಲೆಯು ಇಷ್ಟು ದೂರ ನಡೆದುಬಂದಿದೆ.

೬. ನಮಗೆ ಪಾಠ

ಈಗ ನಮ್ಮ ಊರಿಗೆ ಹಿಂದಿರುಗೋಣ. ಅಂದು ತಂದೆತಾಯಿಗಳಿಗೆ ಕಾನೂನಿನ ಆಸರೆಯಿರಲಿಲ್ಲ, ಬಿನ್ನಹಪತ್ರವೊಂದೇ ಗತಿಯಾಗಿದ್ದಿತು. ಇಂದು ಹಾಗಲ್ಲ. ಅಲ್ಪಸಂಖ್ಯಾತರು ತಮಗೆ ಬೇಕಾದ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಭಾರತದ ಸಂವಿಧಾನದ 30ನೆಯ ವಿಧಿಯು ಕೊಟ್ಟಿರುವುದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ, ಎಂಟನೆಯ ತರಗತಿಯ ವರೆಗಿನ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಆಡಳಿತ ಸಮಿತಿಯಿರಬೇಕು. ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ಮಂದಿ ಮಕ್ಕಳ ಪಾಲಕರೇ ಇರಬೇಕು. ಸದಸ್ಯರಲ್ಲಿ ಅರ್ಧದಷ್ಟು ಮಂದಿ ಸ್ತ್ರೀಯರಾಗಿರಬೇಕು. ಅಲ್ಪಸಂಖ್ಯಾತರ ಅನುದಾನಿತ ಶಾಲೆಗಳಲ್ಲಿ ಈ ಸಮಿತಿಗೆ ಸಲಹೆ ಕೊಡುವ ಅಧಿಕಾರ ಮಾತ್ರವಿದ್ದರೂ ಸಲಹೆಯು ಸಣ್ಣ ವಸ್ತುವಲ್ಲ. ಮಂಗಳೂರಿನವರು ರೋಮಾಪುರಿಗೆ ಬರೆದು ಪಡೆಯಬೇಕಾದುದನ್ನು ಕದ್ವಾಡದ ತಾಯಿಯೊಬ್ಬಳು ತನ್ನ ಊರಿನ ಶಾಲೆಯ ಸಭೆಯಲ್ಲಿ ಎದ್ದು ನಿಂತು ಕೇಳಬಹುದು.

ಆದರೆ ಸಭೆಗೆ ಹೋಗುವವರು ಎಷ್ಟು ಮಂದಿ? ಹೋದರೂ ಬಾಯಿ ತೆರೆಯುವವರು ಎಷ್ಟು ಮಂದಿ? ಬಸ್ಸಿನ ಹೊತ್ತಾಯಿತೆಂದೂ ಅಡುಗೆಯ ಕೆಲಸವಿದೆಯೆಂದೂ ರುಜು ಹಾಕಿ ಹೊರಡುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ಹಕ್ಕು ಕಾಗದದಲ್ಲಿರುವುದು, ಬೇಡಿಕೆಯು ಬಾಯಲ್ಲಿರಬೇಕು.

ಆದುದರಿಂದ ಪ್ರತಿ ಮನೆಯಲ್ಲಿಯೂ ಈ ಮೂರು ಪ್ರಶ್ನೆಗಳನ್ನು ಕುಳಿತು ಆಲೋಚಿಸಬೇಕೆಂದು ಪಾಲಕರನ್ನು ಬೇಡಿಕೊಳ್ಳುವೆನು.

(೧) ನಮ್ಮ ಮಕ್ಕಳ ಶಾಲೆಯಿಂದ ನಮಗೆ ಬೇಕಾದುದೇನು? ಒಂದೇ ವಾಕ್ಯದಲ್ಲಿ ಹೇಳಬಲ್ಲೆವೇ?

(೨) ಅದಕ್ಕಾಗಿ ನಾವು ಕೊಡಬಲ್ಲುದು ಏನು? ನೆಲವಿಲ್ಲದವರು ಹೊತ್ತನ್ನು ಕೊಡಬಹುದು. ಹೊತ್ತಿಲ್ಲದವರು ಒಂದು ಪುಸ್ತಕವನ್ನು ಕೊಡಬಹುದು.

(೩) ಮಗನಿಗಾಗಿ ಕೇಳುವುದನ್ನೆಲ್ಲ ಮಗಳಿಗಾಗಿಯೂ ಕೇಳುತ್ತಿರುವೆವೇ?

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹಲವರು ಇಂದು ತಾಯಂದಿರು, ಕೆಲವರು ಅಜ್ಜಿಯರು. ನಿಮಗಾಗಿ ಶಾಲೆಯನ್ನು ಬೇರೆಯವರು ತೆರೆದರು, ಬೇರೆಯವರು ನಡೆಸಿದರು. ನೀವು ಅದರ ಮೆಟ್ಟಲುಗಳನ್ನೇರಿ ವಿದ್ಯೆಯನ್ನು ಪಡೆದಿರಿ. ಮುಂದಿನ ಮಕ್ಕಳಿಗಾಗಿ ಬೇಡುವ ಸರದಿಯು ಈಗ ನಿಮ್ಮದು. ನಾಳಿನ ಸಭೆಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳದಿರಿ.